ಐವತ್ತೊಂದು ಗ್ರಾಂ

ಅದರ ಚೀಟಿ ಬರೆದವನು ನಾನೇ.
ಇಂಗಳದಾಳಿನ ಗಣಿ ಮುಚ್ಚಿ, ಚಿತ್ರದುರ್ಗದ ಈ ಮ್ಯೂಸಿಯಮ್ಮಿಗೆ
ಅಟೆಂಡರಾಗಿ ಬಂದ ಹೊಸದು.
ಗುಮಾಸ್ತರು ರಜೆ. ಶನಿವಾರ. ನೀಲಿ ಇಂಕು:
‘ತಾಮ್ರ. ಗಂಡಭೇರುಂಡ. ಕಾಲ ತಿಳಿಯದು.’

ಎರಡು ತಲೆ ಇತ್ತಲ್ಲ, ಬೇರೆ ಏನಂತ ಬರೆಯಲಿ?
ಹಿರಿಯೂರು ಬಸ್ಸಿನ ಮೈಮೇಲೆ, ಸರ್ಕಾರಿ ಕಾಗದದ ನೆತ್ತಿಯಲ್ಲಿ
ಬುದ್ಧಿ ಬಂದಾಗಿಂದ ನೋಡಿದ ಹಕ್ಕಿ.
ಕಾಲಲ್ಲಿ ಆನೆ ಕಾಣಲಿಲ್ಲ.
ಆನೆಯೇ ಸವೆಯುವಷ್ಟು ಹಳೆಯದಿರಬೇಕು ಅಂತ
ಗಾಜಿನ ಪೆಟ್ಟಿಗೆಯ ನಟ್ಟನಡುವೆ ಇಟ್ಟೆ,
ಚಂದ್ರವಳ್ಳಿಯ ಸೀಸದ ಕಾಸುಗಳನ್ನು ಒತ್ತರಿಸಿ.

ಹೋದ ವಾರ ಧಾರವಾಡದಿಂದ ಸರ್ವಮಂಗಳಾ ಮೇಡಂ ಬಂದರು.
ಕಣ್ಣಿಗೊಂದು ಗಾಜು ಸಿಕ್ಕಿಸಿ, ತಿರುವಿ ನೋಡಿ,
ನಕ್ಕು, ನನ್ನ ಮುಖ ನೋಡಿ ನಗು ನಿಲ್ಲಿಸಿ,
‘ಪಾಲಯ್ಯ, ಇದು ಹದ್ದು’ ಅಂದರು.
‘ರಷ್ಯಾದ್ದು. ಸಾವಿರದ ಏಳುನೂರ ಎಪ್ಪತ್ತೊಂದು. ಐದು ಕೊಪೆಕ್.’

ಹಕ್ಕಿಯ ಎದೆಯೊಳಗೆ ಬೇಳೆಕಾಳಿನಷ್ಟು ಒಬ್ಬ ಸವಾರ,
ಕುದುರೆಯ ಕಾಲಡಿಯ ಹಾವಿಗೆ ಈಟಿ ಚುಚ್ಚುತ್ತಿದ್ದಾನೆ.
ಅವರ ಮಾತಿನಲ್ಲಿ ಈಟಿಯಿಂದಲೇ ಕಾಸಿಗೆ ಆ ಹೆಸರಂತೆ.
ಇಪ್ಪತ್ತು ವರ್ಷ ಧೂಳು ಒರೆಸಿದ್ದೇನೆ,
ಆ ಸವಾರ ಒಂದು ದಿನ ಕಂಡಿರಲಿಲ್ಲ.

ತೂಗಿದರು. ಐವತ್ತೊಂದು ಗ್ರಾಂ, ಮತ್ತೆ ಚಿಲ್ಲರೆ.
ಇಂಥ ಇಪ್ಪತ್ತು ಬಿಲ್ಲೆಗೆ ಒಂದು ರೂಬಲ್:
ಒಂದು ಕೆಜಿ.
ಸಾವಿರ ರೂಬಲ್ ಸಾಲ ತೀರಿಸಲು ಗಾಡಿ ಹೂಡಬೇಕಿತ್ತು.
ಕಾಸಿಗೆ ತಕ್ಕ ಕಜ್ಜಾಯ ಅನ್ನುತ್ತೇವೆ ನಾವು,
ಅಲ್ಲಿ ಕಜ್ಜಾಯಕ್ಕಿಂತ ಕಾಸೇ ಭಾರ.
ಹೊತ್ತು ಹೊತ್ತು ಸಾಕಾಗಿ ಕಾಗದದ ನೋಟು ಬಂತು.
ಸಾಯುವ ವರ್ಷ ರಾಣಿ
ಇದೇ ಬಿಲ್ಲೆಗಳ ಮೇಲೆ ‘ಹತ್ತು’ ಅಂತ ಒತ್ತಿಸಲು ಹೊರಟಳಂತೆ;
ಗದ್ದುಗೆಗೆ ಬಂದ ಮಗ ತಿರುಗಿ ‘ಐದು’ ಅಂತ ಒತ್ತಿಸಿದ.
ಎರಡು ಪೆಟ್ಟು ತಿಂದರೂ ತಾಮ್ರ ಅಷ್ಟೇ.

ಉರಲ್ ಬೆಟ್ಟದ ಗಣಿಗೆ
ಊರಿಗೆ ಊರನ್ನೇ ಬರೆದು ಕೊಟ್ಟಿದ್ದರೆಂದು ಮೇಡಂ ಹೇಳುವಾಗ
ನಾನು ಮನಸ್ಸಲ್ಲೇ ಲೆಕ್ಕ ಹಾಕುತ್ತಿದ್ದೆ.
ನಮ್ಮಲ್ಲಿ ನೂರು ಕೆಜಿ ಕಲ್ಲು ಅರೆದರೆ ಒಂದು ಕೆಜಿ ತಾಮ್ರ,
ಅದೂ ದೇವರು ಕಣ್ಣು ಬಿಟ್ಟ ದಿನ.
ಅಂದರೆ ಈ ಬಿಲ್ಲೆಗೆ ಐದು ಕೆಜಿ ಕಲ್ಲು.
ಐದು ಕೆಜಿ ಕಲ್ಲಿಗೆ ಎಷ್ಟು ಕೆಮ್ಮು?

‘ಇದು ನಿಮಗೆ ಎಲ್ಲಿ ಸಿಕ್ಕಿತು?’

ಆಗ ನೆನಪಾಯಿತು, ಹೇಳಲೋ ಬೇಡವೋ ಅನ್ನಿಸಿತು.
ಗಣಿಯ ಪರೀಕ್ಷಾ ಕೋಣೆ. ತಕ್ಕಡಿಯ ಮರದ ಪೆಟ್ಟಿಗೆ.
ನೂರು ಗ್ರಾಮಿನ ಬಟ್ಟು, ಇಪ್ಪತ್ತರದು, ಹತ್ತರದು,
ಐವತ್ತರ ಗುಳಿಯಲ್ಲಿ ಮಾತ್ರ ಇದು.
ಯಾರು ಇಟ್ಟರೋ. ಅಸೇಯರ್ ಗುರುಬಸವಯ್ಯ ಇದ್ದಿದ್ದರೆ ಕೇಳಬಹುದಿತ್ತು.
ಹಿಂದೊಮ್ಮೆ ರಷ್ಯಾದ ಎಂಜಿನಿಯರೊಬ್ಬ ಬಂದು
ಗುಡ್ಡ ತಟ್ಟಿ ನೋಡಿ, ಮಂಡಕ್ಕಿ ಮೆಣಸಿನಕಾಯಿ ತಿಂದು
ಕಣ್ಣೀರು ಸುರಿಸಿ ಹೋದನೆಂದು ಕ್ಯಾಂಟೀನಿನಲ್ಲಿ ಸುದ್ದಿ.
ಸುದ್ದಿಗೇನು, ಅದಕ್ಕೆ ತೂಕವಿಲ್ಲ.

ಮೇಡಂ ಪೆನ್ನು ಮುಚ್ಚಿದರು.
‘ಐವತ್ತು ಅಂತ ಇದನ್ನಿಟ್ಟು ತೂಗುತ್ತಿದ್ದರಾ?’
‘ಹೂಂ.’
‘ಹಾಗಾದರೆ ಪ್ರತಿ ಸಲ ನಿಮ್ಮ ತಾಮ್ರ
ಒಂದು ಗ್ರಾಂ ಕಮ್ಮಿ ಬಿತ್ತು.’

ಸತ್ವ ಸಾಲದು ಅಂತ ಬರೆದಿದ್ದರು
ಗೇಟಿಗೆ ಅಂಟಿಸಿದ ಆ ಕಾಗದದಲ್ಲಿ.
ಅದರ ನೆತ್ತಿಯ ಮೇಲೂ ಎರಡು ತಲೆಯ ಹಕ್ಕಿ,
ಕಾಲಲ್ಲಿ ಆನೆ ಇದ್ದದ್ದು.

‘ಒಂದು ಗ್ರಾಮಿಗೆ ಯಾರೂ ಗಣಿ ಮುಚ್ಚಲ್ಲ, ಪಾಲಯ್ಯ.’
‘ಗೊತ್ತು ಮೇಡಂ.’

ಹೊಸ ಚೀಟಿ ನನ್ನ ಕೈಗೇ ಕೊಟ್ಟರು, ಅಕ್ಷರ ಚೆನ್ನಾಗಿದೆ ಅಂತ.
ದೇಶ ಬರೆದೆ. ಇಸವಿ ಬರೆದೆ. ಲೋಹ ಬರೆದೆ.
‘ದೊರೆತ ಸ್ಥಳ’ ಅನ್ನುವಲ್ಲಿ
ಪೆನ್ನು ಸ್ವಲ್ಪ ಹೊತ್ತು ನಿಂತಿತು.
ಆಮೇಲೆ ಬರೆದೆ:
ತಕ್ಕಡಿಯಲ್ಲಿ.